ಮಂಚದ ಕೆಳಗಿನ ಕಂಪನಿ

ಶುಕ್ರವಾರ ಬಂತೆಂದರೆ ನನ್ನ ಮಗಳ ಫೋನು ಬೆಳಗಿನಿಂದಲೇ ಗುಂಯ್ಗುಡತೊಡಗುತ್ತದೆ. 2015ರಿಂದೀಚೆಗೆ ಜಗತ್ತಿನ ಸಂಗೀತ ಕಂಪನಿಗಳೆಲ್ಲ ಹೊಸ ಆಲ್ಬಂಗಳ ಬಿಡುಗಡೆಗೆ ಶುಕ್ರವಾರವನ್ನೇ ಗೊತ್ತುಮಾಡಿಕೊಂಡಿವೆ. ನಮ್ಮ ಸಿನಿಮಾಗಳಂತೂ ಮೊದಲಿನಿಂದಲೂ ಶುಕ್ರವಾರದವೇ. "ಅಪ್ಪಾ, ಈ ವಾರ ಏನೇನ್ ಬಂದಾವ ನೋಡ್ರಿ" ಎಂದು ಅವಳು ಪಟ್ಟಿ ತೋರಿಸುತ್ತಾಳೆ. ಜಾಝ್, ರಾಕ್, ಸೂಫಿ, ಒಂದು ಸಿತಾರ್, ಮುಂದಿನ ತಿಂಗಳು ತೆರೆ ಕಾಣುವ ಕನ್ನಡ ಸಿನಿಮಾದ ಒಂಟಿ ಹಾಡು. ಕಣ್ಣಾಡಿಸಿದರೆ ಅದರಲ್ಲಿ ಅರ್ಧಕ್ಕರ್ಧ ಹಳೆಯ ಸರಕು. ಐವತ್ತು ವರ್ಷ ತುಂಬಿತೆಂದು ಒಂದು, ಹಿಂದೆ ಬಿಟ್ಟುಹೋಗಿದ್ದ ಹಾಡು ಸಿಕ್ಕಿತೆಂದು ಇನ್ನೊಂದು. ಸತ್ತವರೂ ತಪ್ಪದೆ ವರ್ಷಕ್ಕೊಂದು ಆಲ್ಬಂ ತರುತ್ತಿದ್ದಾರೆ. ಬದುಕಿರುವ ಗಾಯಕರಿಗೆ ಇದಕ್ಕಿಂತ ಕಠಿಣ ಪೈಪೋಟಿ ಬೇರೆ ಇರಲಾರದು.

ಧಾರವಾಡದ ನಮ್ಮ ಮನೆಯಲ್ಲಿ ಹೊಸ ಕ್ಯಾಸೆಟ್ ಬರುವುದು ಹಬ್ಬದ ಸಂಗತಿಯಾಗಿತ್ತು. ಅಪ್ಪ ಅದನ್ನು ಅಂಗಡಿಯಲ್ಲೇ ಹಾಕಿಸಿ ಎರಡೂ ಬದಿ ಪರೀಕ್ಷಿಸಿಯೇ ತರುತ್ತಿದ್ದರು. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ಸ್ವರ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಬಂದಿತ್ತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದ ಅದು ನಮ್ಮ ಮನೆಗೆ ತಡವಾಗಿಯಾದರೂ ಬಂತು. ಬಂದ ಮೇಲೆ ಕಾನೂನು ಒಂದೇ: ಫಾರ್ವರ್ಡ್ ಗುಂಡಿ ಒತ್ತಬಾರದು. ಟೇಪ್‌ರೆಕಾರ್ಡರಿನ ಬೆಲ್ಟ್ ಸವೆಯುತ್ತದೆ ಎಂಬುದು ಅಪ್ಪನ ಸಿದ್ಧಾಂತ. ಹಿಂದಕ್ಕೆ ಸುತ್ತಬೇಕಾದರೆ ಪೆನ್ಸಿಲ್ ತೂರಿಸಿ ಕೈಯಿಂದ ಸುತ್ತಬೇಕು. ಹೀಗಾಗಿ ಇಷ್ಟದ ಹಾಡಿಗೆ ಹೋಗಬೇಕಾದರೆ ಇಷ್ಟವಿಲ್ಲದ ಎರಡನ್ನು ದಾಟಲೇಬೇಕು. ದಾಟುತ್ತ ದಾಟುತ್ತ ಆ ಎರಡೂ ಇಷ್ಟವಾಗಿಬಿಟ್ಟವು. ಇವತ್ತಿಗೂ ಯಾವುದೋ ಹೋಟೆಲಿನಲ್ಲಿ ಆ ಕಾಲದ ಒಂದು ಹಾಡು ಮುಗಿದರೆ, ಮುಂದಿನ ಹಾಡಿನ ಮೊದಲ ಸ್ವರ ನನ್ನ ಕಿವಿಯೊಳಗೆ ತಾನೇ ಹೊರಡುತ್ತದೆ. ಹೊರಗೆ ಬರುವುದು ಮಾತ್ರ ಬೇರೆಯದು. ಆಗ ಕಾಫಿ ಕೂಡ ಬೇರೆಯವರ ಟೇಬಲ್ಲಿನದು ಬಂದಂತೆ ಅನಿಸುತ್ತದೆ.

ಒಮ್ಮೆ ಟೇಪು ಸಿಕ್ಕಿಕೊಂಡು ಯಂತ್ರದ ಹೊಟ್ಟೆಯೊಳಗೆ ಜಡೆ ಹೆಣೆದುಕೊಂಡಿತು. ಅಪ್ಪ ಉಸಿರು ಬಿಗಿಹಿಡಿದು ಅದನ್ನು ಬಿಡಿಸಿ, ಸುಕ್ಕಾದ ತುಂಡನ್ನು ಕತ್ತರಿಸಿ, ಉಳಿದ ಎರಡು ತುದಿಗಳನ್ನು ಸೆಲ್ಲೋಟೇಪಿನಿಂದ ಅಂಟಿಸಿದರು. ಒಂದು ಚರಣದ ನಡುವಿನ ಎರಡು ಶಬ್ದ ಮಾಯವಾದವು. ನಾವು ಆ ಹಾಡನ್ನು ಹಾಗೆಯೇ ಕಲಿತೆವು. ಶಾಲೆಯ ಗ್ಯಾದರಿಂಗಿನಲ್ಲಿ ತಂಗಿ ಹಾಡುವಾಗ ಅದೇ ಜಾಗದಲ್ಲಿ ಟಣ್ಣನೆ ಜಿಗಿದಳು. ತಬಲಾ ನುಡಿಸುತ್ತಿದ್ದ ಮಾಸ್ತರರು ಕಳೆದುಹೋದ ಮಾತ್ರೆಗಳನ್ನು ಹುಡುಕುತ್ತ ಹಿಂದೆ ಉಳಿದರು. ಎಷ್ಟೋ ವರ್ಷಗಳ ಮೇಲೆ ಆ ಹಾಡುಗಳು ಸಿ.ಡಿ.ಯಾಗಿ ಬಂದಾಗ ತಂಗಿ ಫೋನು ಮಾಡಿದಳು: "ಅಣ್ಣಾ, ಇದರಾಗ ಎರಡು ಶಬ್ದ ಜಾಸ್ತಿ ಸೇರಿಸ್ಯಾರ ನೋಡು."

ಅಪ್ಪನ ಬಾಯಲ್ಲಿ ರೆಕಾರ್ಡಿಗೆ ಪ್ಲೇಟು ಎಂದೇ ಹೆಸರು. ಅವರ ಸೋದರಮಾವನ ಮನೆಯಲ್ಲಿ ಚಾವಿ ಕೊಡುವ ಗ್ರಾಮೊಫೋನ್ ಇತ್ತಂತೆ. ತುತ್ತೂರಿಗೆ ಕಿವಿಗೊಟ್ಟು ಕೂತ ನಾಯಿಯ ಚಿತ್ರವನ್ನು ಅಲ್ಲಿ ನೋಡಿ, ಒಳಗೆ ಅದರ ಯಜಮಾನ ಅಡಗಿದ್ದಾನೆಂದು ಅಪ್ಪ ನಂಬಿದ್ದರಂತೆ. ಆ ನಾಯಿಯ ಕಥೆಯೂ ಮಜವಾಗಿದೆ. ಚಿತ್ರಕಾರ ಫ್ರಾನ್ಸಿಸ್ ಬರಾಡ್ ಮೊದಲು ಬರೆದದ್ದು ಕೊಳವೆಯಾಕಾರದ ಮೇಣದ ಮೇಲೆ ದನಿ ಹಿಡಿಯುವ ಫೋನೋಗ್ರಾಫಿನ ಮುಂದೆ ಕೂತ ನಾಯಿಯನ್ನು. 1899ರಲ್ಲಿ ಗ್ರಾಮೊಫೋನ್ ಕಂಪನಿ ಚಿತ್ರವನ್ನು ಕೊಳ್ಳುವಾಗ, ಆ ಯಂತ್ರವನ್ನು ಅಳಿಸಿ ನಮ್ಮದನ್ನು ಬರೆದುಕೊಡಿ ಎಂದಿತು. ಆತ ಅದರ ಮೇಲೆಯೇ ಬಣ್ಣ ಬಳಿದು ಗ್ರಾಮೊಫೋನ್ ಬರೆದ. ನಾಯಿ ಮಾತ್ರ ಕದಲಲಿಲ್ಲ. ಸಂಗೀತದ ಮರುಬಿಡುಗಡೆಗಳಲ್ಲಿ ಬಹುಪಾಲು ಇದೇ ಮಾದರಿಯವು ಎಂದು ನನ್ನ ಅಂಬೋಣ. ಯಂತ್ರ ಬದಲಾಗುತ್ತದೆ, ಕಿವಿಗೊಟ್ಟು ಕೂರುವ ಪ್ರಾಣಿ ಅದೇ.

ನಮ್ಮ ದೇಶದ ಮೊದಮೊದಲ ಪ್ಲೇಟುಗಳು 1902ರ ನವೆಂಬರಿನಲ್ಲಿ ಕಲ್ಕತ್ತೆಯ ಒಂದು ಹೋಟೆಲಿನಲ್ಲಿ ಹುಟ್ಟಿದವು. ಲಂಡನ್ನಿನ ಕಂಪನಿ ಕಳಿಸಿದ ಫ್ರೆಡ್ ಗೈಸ್‌ಬರ್ಗ್ ಎಂಬಾತ ಕೋಣೆಯಲ್ಲಿ ತುತ್ತೂರಿ ಕಟ್ಟಿ ಕೂತ. ಮೈಕ್ ಇನ್ನೂ ಬಂದಿರದ ಕಾಲ. ಗೌಹರ್ ಜಾನ್ ಆ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಹಾಡಿದರು. ರಾತ್ರಿಯಿಡೀ ಹರಡಿಕೊಳ್ಳುವ ರಾಗವನ್ನು ಸುಮಾರು ಮೂರು ನಿಮಿಷಕ್ಕೆ ಮಡಚಿ ಇಡಬೇಕು. ಹಾಡು ಮುಗಿದ ಕೂಡಲೇ ಅವರು ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ಕೂಗಿ ಹೇಳುತ್ತಿದ್ದರು. ಅಚ್ಚು ಜರ್ಮನಿಯ ಹ್ಯಾನೋವರಿಗೆ ಹೋಗಿ, ಅಲ್ಲಿ ಪ್ಲೇಟಾಗಿ, ಹಡಗಿನಲ್ಲಿ ತಿರುಗಿ ಬರಬೇಕು. ಅಲ್ಲಿಯವರಿಗೆ ಯಾವ ಪ್ಲೇಟು ಯಾರದ್ದೆಂದು ತಿಳಿಯಲೆಂದೇ ಈ ಕೂಗು ಎನ್ನುತ್ತಾರೆ. ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ನೂರಾರು ಪ್ಲೇಟು ಹಾಡಿದ ಈಕೆ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದರು. 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಈಗ ಅವರ ಹಳೆಯ ಪ್ಲೇಟುಗಳು ಕಂಪ್ಯೂಟರಿನಲ್ಲಿ ಕೇಳಸಿಗುತ್ತವೆ. ಕರಕರ ಸದ್ದಿನ ಹಿಂದಿನಿಂದ ಆ ಕೂಗು ಬಂದಾಗ ಹಾಡಿಗಿಂತ ಅದೇ ಹತ್ತಿರದ್ದೆನಿಸುತ್ತದೆ. ಹಾಡಿನಲ್ಲಿರುವುದು ಕಲಾವಿದೆ. ಕೂಗಿನಲ್ಲಿರುವುದು, ಇಷ್ಟು ಹಾಡಿದ ಮೇಲೆ ನನ್ನ ಹೆಸರು ಅದಲುಬದಲಾದೀತೆಂಬ ಆತಂಕದ ಹೆಂಗಸು. ಸದ್ದು ತೊಳೆಯುವ ಉತ್ಸಾಹದಲ್ಲಿ ಯಾರಾದರೂ ಅದನ್ನು ಕತ್ತರಿಸಿದರೆ ನಾನು ಕ್ಷಮಿಸಲಾರೆ.

ಮರುಬಿಡುಗಡೆ ನನ್ನನ್ನು ಸರಿಯಾಗಿ ಬೆಪ್ಪುಮಾಡಿದ್ದು ಗಂಗೂಬಾಯಿ ಹಾನಗಲ್ಲರ ವಿಷಯದಲ್ಲಿ. ನಮ್ಮ ಕಡೆಯವರಿಗೆ ಆ ದನಿ ಪರಿಚಯಿಸಬೇಕಿಲ್ಲ. ಗಂಡುದನಿಯೋ ಹೆಣ್ಣುದನಿಯೋ ಎಂದು ಕೇಳುವವನೇ ನಾಚುವಂಥ ಗಾಂಭೀರ್ಯ. ಗೆಳೆಯನೊಬ್ಬ 1930ರ ದಶಕದ ಪ್ಲೇಟುಗಳಿಂದ ಆರಿಸಿ ಮಾಡಿದ ಒಂದು ಸಂಕಲನ ಹಾಕಿ, ಯಾರು ಹೇಳು ಎಂದ. ತೆಳ್ಳಗಿನ, ಎತ್ತರದ, ಚುರುಕಾದ ಹುಡುಗಿಯ ದನಿ. ನಾನು ಗೊತ್ತಿದ್ದ ಹಳೆಯ ಬಾಯಿಯರ ಹೆಸರುಗಳನ್ನೆಲ್ಲ ಹೇಳಿ ಸೋತೆ. ಅದು ಗಾಂಧಾರಿ. ಗಂಗೂಬಾಯಿಯವರ ಹುಟ್ಟುಹೆಸರು ಅದೇ. ಮೊದಲ ಪ್ಲೇಟುಗಳ ಮೇಲೆ ಊರಿನ ಹೆಸರಿನ ಜೊತೆ ಅಚ್ಚಾದದ್ದೂ ಅದೇ. ಮುಂದೆ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ದನಿ ಕೆಳಗಿಳಿಯಿತು. ಇಳಿದ ದನಿಯನ್ನೇ ಆಧಾರ ಮಾಡಿಕೊಂಡು ಅವರು ಕಿರಾನಾ ಗಾಯಕಿಯನ್ನು ಮೇಲೇರಿಸಿದರು. ಜೀವನಚರಿತ್ರೆಯಲ್ಲಿ ಇದು ಒಂದು ವಾಕ್ಯ. ಆ ಸಂಕಲನದ ಮುಂದೆ ಕೂತವನಿಗೆ ಒಬ್ಬರೊಳಗೆ ಇಬ್ಬರು ಗಾಯಕಿಯರು. ಮೊದಲಿನವಳನ್ನು ಉಳಿಸಿದ್ದು ಅರಗಿನ ತಟ್ಟೆ. ಅರಗೆಂದರೆ ನಿಜವಾದ ಅರಗು. ಆ ಕಾಲದ 78ರ ಪ್ಲೇಟುಗಳಿಗೆ ಮರದ ಮೇಲಿನ ಹುಳುಗಳು ಒಸರಿಸುವ ಅರಗೇ ಅಂಟು. ಕೈಜಾರಿದರೆ ಹಪ್ಪಳದ ಗತಿ.

ಭೀಮಸೇನ ಜೋಶಿಯವರು ಹುಡುಗನಾಗಿದ್ದಾಗ ಅಬ್ದುಲ್ ಕರೀಂ ಖಾನರ ಪ್ಲೇಟೊಂದರಲ್ಲಿ ಜಿಂಝೋಟಿಯ ಠುಮ್ರಿ ಕೇಳಿ ಹುಚ್ಚುಹಿಡಿಸಿಕೊಂಡದ್ದು, ಗುರುವನ್ನು ಹುಡುಕಿ ಗದಗಿನ ಮನೆ ಬಿಟ್ಟು ಓಡಿದ್ದು ಎಲ್ಲರಿಗೂ ಗೊತ್ತಿರುವ ಕಥೆ. ನಾನದನ್ನು ಹೇಳಿದರೆ ಮಗಳು, "ಈಗ ಆಗಿದ್ರ ಅವರು ಅರ್ಧಕ್ಕ ಸ್ಕಿಪ್ ಮಾಡ್ತಿದ್ರು" ಎನ್ನುತ್ತಾಳೆ. ಮಾತು ಕಹಿ, ಆದರೆ ಸುಳ್ಳೆನ್ನುವ ಧೈರ್ಯ ನನಗಿಲ್ಲ.

ನನ್ನ ಕ್ಯಾಸೆಟ್ಟುಗಳು ಈಗ ಮಂಚದ ಕೆಳಗೆ ಒಂದು ಕಬ್ಬಿಣದ ಪೆಟ್ಟಿಗೆಯಲ್ಲಿವೆ. ಪ್ರತಿ ದೀಪಾವಳಿಯ ಸ್ವಚ್ಛತೆಗೆ ಹೆಂಡತಿಯ ಪ್ರಶ್ನೆ ಒಂದೇ: "ಮಾಡಿದ ಕಂಪನಿಯವರೇ ಒಗದಾರ, ನೀವ್ಯಾಕ ಇಟ್ಕೊಂಡೀರಿ?" ಅವಳ ಮಾತಿನ ಮೊದಲರ್ಧ ನೂರಕ್ಕೆ ನೂರು ನಿಜ, ಮತ್ತು ಅದೇ ನನ್ನ ವಾದ. ಜಾಝ್‌ನ ಮಹಾಶಯ ಜಾನ್ ಕೋಲ್ಟ್ರೇನ್ 1963ರ ಮಾರ್ಚಿನಲ್ಲಿ ತಮ್ಮ ತಂಡದೊಂದಿಗೆ ಒಂದಿಡೀ ಆಲ್ಬಮ್ಮಿಗಾಗುವಷ್ಟು ಸ್ಯಾಕ್ಸೊಫೋನ್ ನುಡಿಸಿ ಮುದ್ರಿಸಿದರು. ಕಂಪನಿಯಲ್ಲಿದ್ದ ಮೂಲ ಟೇಪು ಕಾಣೆಯಾಯಿತು. ಆದರೆ ಕೇಳಿ ನೋಡಲೆಂದು ಅವರು ಮನೆಗೆ ಒಯ್ದಿದ್ದ ಪ್ರತಿ ಮೊದಲ ಹೆಂಡತಿ ನೈಮಾ ಅವರ ಕುಟುಂಬದಲ್ಲಿ ಉಳಿದಿತ್ತು. ಅದರಿಂದಲೇ 2018ರಲ್ಲಿ, ಐವತ್ತೈದು ವರ್ಷ ತಡವಾಗಿ, ಹೊಸ ಆಲ್ಬಂ ಬಂತು. ಇತ್ತ 2008ರಲ್ಲಿ ಹಾಲಿವುಡ್ಡಿನ ಯೂನಿವರ್ಸಲ್ ಸ್ಟುಡಿಯೊ ಆವರಣದ ಬೆಂಕಿಯಲ್ಲಿ ಅದೆಷ್ಟೋ ಮೂಲ ಟೇಪುಗಳು ಸುಟ್ಟುಹೋದವು. ಹೊರಜಗತ್ತಿಗೆ ಅದರ ಅಂದಾಜು ಸಿಕ್ಕಿದ್ದು 2019ರಲ್ಲಿ. ಇದನ್ನೆಲ್ಲ ಹೇಳಿದರೆ ಹೆಂಡತಿ, "ನಿಮ್ಮ ಪೆಟಿಗ್ಯಾಗ ಅವರ ಟೇಪು ಏನಾರ ಅದ ಏನು?" ಎಂದು ಪೊರಕೆ ಕೈಗೆತ್ತಿಕೊಳ್ಳುತ್ತಾಳೆ.

ನಮ್ಮವರದೂ ಇಂಥ ಕಥೆಗಳಿವೆ. ಮುಂಬಯಿಯ ಸಿನಿಮಾ ವಾದ್ಯವೃಂದಗಳಲ್ಲಿ ನುಡಿಸುತ್ತಿದ್ದ ಚರಣ್‌ಜಿತ್ ಸಿಂಗ್ 1982ರಲ್ಲಿ ಮೂರು ಜಪಾನಿ ಎಲೆಕ್ಟ್ರಾನಿಕ್ ಯಂತ್ರಗಳನ್ನು ಒಂದಕ್ಕೊಂದು ಜೋಡಿಸಿ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ಕೂಡಿಸಿದರು. ಭೈರವ, ಲಲಿತ, ಯಮನ್, ಎಲ್ಲಕ್ಕೂ ಅದೇ ಧಡಧಡ. ಎಲ್ಪಿ ಬಂತು, ಹೋಯಿತು. ಎರಡು ದಶಕದ ಮೇಲೆ ದಿಲ್ಲಿಯಲ್ಲಿ ಹಳೆಯ ರೆಕಾರ್ಡು ಹುಡುಕುತ್ತಿದ್ದ ಡಚ್ಚನೊಬ್ಬನ ಕೈಗೆ ಅದು ಸಿಕ್ಕಿತು. 2010ರಲ್ಲಿ ಅದರ ಮರುಬಿಡುಗಡೆಯಾಯಿತು. ಮುಂದೆ ಷಿಕಾಗೊದ ಹುಡುಗರು ಕಟ್ಟಿದ ಆಸಿಡ್ ಹೌಸ್ ಸಂಗೀತದ ಛಾಯೆ ಇದರಲ್ಲಿ ಮೊದಲೇ ಇದೆಯಲ್ಲ ಎಂದು ಯುರೋಪು ಬೆರಗಾಯಿತು. ಎಪ್ಪತ್ತರ ಹತ್ತಿರದ ಸಿಂಗರು ಯಂತ್ರ ಹೊತ್ತು ಅಲ್ಲಿ ಹೋಗಿ ಕಛೇರಿ ಕೊಟ್ಟರು. ಅದೇ 1982ರಲ್ಲಿ ಬಂಗಾಳದ ರೂಪಾ ಬಿಸ್ವಾಸ್ ಕೆನಡಾದ ಕ್ಯಾಲ್ಗರಿಯಲ್ಲಿ ಆಶಿಶ್ ಖಾನರ ಸರೋದಿನ ಜೊತೆ ಡಿಸ್ಕೊ ಹಾಡಿದ್ದರು. ಅದೂ ಮಕಾಡೆ ಮಲಗಿ, 2019ರಲ್ಲಿ ಎದ್ದಿತು. ಹುಟ್ಟಿದ ವರ್ಷದಲ್ಲಿ ಕಿವಿ ಸಿಗದ ಹಾಡು ಎಲ್ಲೋ ಒಂದು ಪ್ರತಿ ಉಳಿದಿದ್ದರೆ ಕಾಯುತ್ತದೆ. ಪ್ರತಿಯನ್ನು ಉಳಿಸುವವರು ಮಾತ್ರ ಸಂಗೀತ ಪಂಡಿತರೇ ಆಗಿರುವುದಿಲ್ಲ. ಬಹಳ ಸಲ ಅವರು ಒಗೆಯಲು ಸೋಮಾರಿಯಾದವರು.

ಈಗ ಎಲ್ಪಿಗಳು ತಿರುಗಿ ಬಂದಿವೆ. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಿಂತ ಎಲ್ಪಿಗಳೇ ಹೆಚ್ಚು ಮಾರಾಟವಾದವು, 1987ರ ನಂತರ ಮೊದಲ ಸಲ. ಮಗಳೂ ಬೆಂಗಳೂರಿನಿಂದ ಒಂದು ತಂದಳು, ಅದರ ಬೆಲೆ ಕೇಳಿ ನಾನು ಕೂತೆ. ಪ್ಲೇಯರ್ ಎಲ್ಲಿ ಎಂದರೆ, ಆಮೇಲೆ ತಗೋತೀನಿ ಎಂದು ಹೊದಿಕೆಯನ್ನು ಗೋಡೆಗೆ ನೇತುಹಾಕಿದಳು. ಅಪ್ಪ ಎರಡೂ ಬದಿ ಕೇಳದೆ ಕ್ಯಾಸೆಟ್ಟಿನ ಹಣ ಎಣಿಸುತ್ತಿರಲಿಲ್ಲ.

ಕೊನೆಗೆ ಪೆಟ್ಟಿಗೆಯ ಒಂದಿಷ್ಟನ್ನಾದರೂ ಪೆನ್‌ಡ್ರೈವಿಗೆ ಇಳಿಸೋಣವೆಂದು ಹುಬ್ಬಳ್ಳಿಯ ಹುಡುಗನೊಬ್ಬನ ಹತ್ತಿರ ಒಯ್ದೆ. ಅಂಗಡಿಯಲ್ಲಿ ಸಿಗುವಂಥವು ಬೇಡ, ಮನೆಯಲ್ಲಿ ನಾವೇ ತುಂಬಿದವು ಮಾತ್ರ. ಮೊದಲನೆಯದು ಧಾರವಾಡ ಆಕಾಶವಾಣಿಯ ಒಂದು ಸಂಜೆಯ ಗಾಯನ. ರೇಡಿಯೊದ ಮುಂದೆ ಟೇಪ್‌ರೆಕಾರ್ಡರ್ ಇಟ್ಟು ತುಂಬಿದ್ದು. ಹುಡುಗ ಕಂಪ್ಯೂಟರಿನ ಪರದೆಯ ಮೇಲೆ ದನಿಯ ಗೆರೆಗಳನ್ನು ತೋರಿಸಿದ. ಎಲ್ಲಕ್ಕಿಂತ ಎತ್ತರದ ಗೆರೆ ತಾನಿನದಲ್ಲ. ಅದು ನಮ್ಮನ್ನು ಸುಮ್ಮನಾಗಿಸಲು ಅಪ್ಪ ಹೇಳಿದ "ಶ್ಶ್!" ಅದರ ಹಿಂದೆ ಅಡುಗೆಮನೆಯ ಕುಕ್ಕರಿನ ಸೀಟಿಗಳು.

"ನಾಯ್ಸ್ ಎಲ್ಲಾ ಕ್ಲೀನ್ ಮಾಡ್ಲೇನ್ರಿ ಸರ?"

ಮಾಡಿ ತೋರಿಸು ಎಂದೆ. ಸೀಟಿ ಹೋಯಿತು, ಅದರ ಜೊತೆ ಮೇಲಿನ ಷಡ್ಜವೂ ಅರ್ಧ ಹೋಯಿತು. ಎರಡೂ ಅಕ್ಕಪಕ್ಕದ ಸ್ವರದಲ್ಲಿದ್ದವಂತೆ. ಕರೆಂಟಿನ ಗುಂಯ್ ಎನ್ನುವ ಸದ್ದೊಂದನ್ನು ತೆಗಿ, ಉಳಿದದ್ದು ಹಾಗೇ ಇರಲಿ ಎಂದೆ.

"ಫೈಲಿಗೆ ಹೆಸರು ಏನ್ ಹಾಕ್ಲಿ ಸರ? ಹಾಡಿದವರು ಯಾರು?"

ಅದು ನನಗೆ ಗೊತ್ತಿಲ್ಲ. ನಾವು ಗುಂಡಿ ಒತ್ತುವುದರೊಳಗೆ ನಿಲಯದವರು ಹೆಸರು ಹೇಳಿ ಆಗಿತ್ತು. ಕೊನೆಯಲ್ಲಿ ಮತ್ತೆ ಹೇಳುವುದರೊಳಗೆ ಟೇಪು ಮುಗಿದಿತ್ತು. ರಾಗ ಯಮನ್ ಎಂದಷ್ಟೇ ಹೇಳಬಲ್ಲೆ. ಹುಡುಗ ಕ್ಷಣ ತಡೆದು 'ಕುಕ್ಕರ್ ಯಮನ್' ಎಂದು ಟೈಪು ಮಾಡಿ, ಮುಂದಿನ ಕ್ಯಾಸೆಟ್ ಕೊಡ್ರಿ ಎಂದು ಕೈ ಚಾಚಿದ.