ಪತ್ತನಾಜೆಯೊಳಗೆ ಸೌದೆ

ಮಂಗಳೂರು ಪೇಟೆಯಲ್ಲಿ ಈಗ ಸೌದೆ ಯಾರು ಉರಿಸುತ್ತಾರೆ ಎಂದು ಕೇಳುವವರುಂಟು. ಅವರು ಬೆಳಿಗ್ಗೆ ಆರು ಗಂಟೆಗೆ ಕುಡುಪು, ಬಜಾಲ್, ಶಕ್ತಿನಗರದ ಒಳರಸ್ತೆಗಳಲ್ಲಿ ಒಮ್ಮೆ ನಡೆದು ನೋಡಬೇಕು. ಹಂಚಿನ ಮಾಡಿನ ಹಿಂಬದಿಯಲ್ಲಿ ತೆಳ್ಳಗೆ ಹೊಗೆ ಏಳುತ್ತಿರುತ್ತದೆ. ಅಡುಗೆಗೆ ಗ್ಯಾಸ್ ಉಂಟು. ಪಣಂಬೂರಿನ ಬಂದರಿನಲ್ಲಿ ಹಡಗಿನಿಂದಲೇ ಎಲ್‌ಪಿಜಿ ಇಳಿಯುವ ಊರು ನಮ್ಮದು. ಆದರೂ ಮೀಯುವ ನೀರಿಗೆ ಬಚ್ಚಲ ಒಲೆ, ಅದರ ಮೇಲೆ ಹಂಡೆ. ನಮ್ಮ ಮನೆಯೂ ಅಂಥದ್ದೇ. ಅಮ್ಮ, ನಾವಿಬ್ಬರು ಮಕ್ಕಳು. ಹಿತ್ತಿಲಲ್ಲಿ ಹತ್ತು ತೆಂಗು, ಒಂದು ಹಲಸು, ಎರಡು ಗೇರು ಮರ. ಸೌದೆಯನ್ನು ದುಡ್ಡು ಕೊಟ್ಟು ತರುವುದಿಲ್ಲ. ನಾವೇ ತುಂಡು ಮಾಡುತ್ತೇವೆ, ನಾವೇ ಹೊರುತ್ತೇವೆ, ನಾವೇ ಅಟ್ಟಿ ಇಡುತ್ತೇವೆ.

ಇದನ್ನು ಬರೆಯಲು ಕಾರಣ ಒಂದು ಸುದ್ದಿ. ಮಳೆಗಾಲ ಹತ್ತಿರ ಬಂದಾಗ ನಾವು ಸ್ಟ್ರಿಂಗರ್‌ಗಳು ಟೈಪ್ ಮಾಡುವ ಮಾಮೂಲಿ ಸುದ್ದಿಗಳಲ್ಲಿ ಇದೂ ಒಂದು: ಮರ ಕಡಿಯುವಾಗ ಕೊಂಬೆ ಬಡಿದು ಸಾವು. ಹೆಸರು, ಪ್ರಾಯ, ಠಾಣೆ, ಪ್ರಕರಣ ದಾಖಲು. ನಾಲ್ಕು ಸಾಲು, ಒಂದು ಕಾಲಂ. ಕೆಲವು ವರ್ಷಗಳ ಹಿಂದೆ ನಗರದ ಅಂಚಿನಲ್ಲಿ ಅಂಥ ಒಂದು ಮನೆಗೆ ಹೋಗಿದ್ದೆವು. ಅರ್ಧ ತುಂಡಾದ ಮರ ಅಂಗಳದ ಬದಿಯಲ್ಲಿ ಹಾಗೆಯೇ ಬಿದ್ದಿತ್ತು. ಆ ಮನೆಯ ಹೆಂಗಸು ಹೇಳಿದ್ದು ಒಂದೇ ಮಾತು: "ಮಳೆ ಬರುವುದರೊಳಗೆ ಮುಗಿಸ್ಬೇಕು ಅಂತ ಅವಸರ ಮಾಡಿದ್ರು." ನಾಲ್ಕು ಸಾಲಿನ ಸುದ್ದಿಯಲ್ಲಿ ಆ ಮಾತಿಗೆ ಜಾಗವಿರುವುದಿಲ್ಲ. ಇಲ್ಲಿ ಉಂಟು.

ನಮಗೆ ಈ ಕೆಲಸ ಕಲಿಸಿದವರು ನೆರೆಮನೆಯ ಅಜ್ಜ. ಪ್ರಾಯದಲ್ಲಿ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಮೊದಲ ಕಾರ್ಖಾನೆ ತೆರೆದ ಮೇಲೆ ನೇತ್ರಾವತಿ, ಫಲ್ಗುಣಿ ನದಿಗಳ ದಡದಲ್ಲಿ ಒಂದರ ಹಿಂದೆ ಒಂದು ಕಾರ್ಖಾನೆ ಬಂತು. ಮಣ್ಣೂ ಸೌದೆಯೂ ದೋಣಿಯಲ್ಲಿ ಬರುತ್ತಿದ್ದವು. ಭಟ್ಟಿಗೆ ಸೌದೆ ಕೊಟ್ಟ ಕೈಗೆ ಹಸಿ ಯಾವುದು, ಒಣಗಿದ್ದು ಯಾವುದು ಎಂದು ಎತ್ತಿದರೇ ಗೊತ್ತಾಗುತ್ತದೆ. ಅಜ್ಜ ತುಳುವಿನಲ್ಲಿ ಹೇಳುತ್ತಿದ್ದುದನ್ನು ಕನ್ನಡಕ್ಕೆ ತಂದರೆ ಇಷ್ಟು: ಸೌದೆಯ ಅರ್ಧ ಭಾರವನ್ನು ಬಿಸಿಲು ಹೊರಲಿ, ಉಳಿದದ್ದು ನೀವು ಹೊರಿ.

ಇದು ಬರೀ ಗಾದೆಯಂಥ ಮಾತಲ್ಲ, ಲೆಕ್ಕಕ್ಕೂ ಸರಿ ಬರುತ್ತದೆ. ಈಗಷ್ಟೇ ಕಡಿದ ಮರದಲ್ಲಿ ತೂಕದ ಅರ್ಧದಷ್ಟು ನೀರೇ ಇರಬಹುದು. 100 ಕಿಲೋ ಹಸಿ ಮರ ಎಂದರೆ 50 ಕಿಲೋ ಮರ, 50 ಕಿಲೋ ನೀರು. ಅದು ಒಣಗಿ ನೀರಿನ ಅಂಶ ನೂರಕ್ಕೆ 20ಕ್ಕೆ ಇಳಿದಾಗ ಒಟ್ಟು ತೂಕ 62.5 ಕಿಲೋ. ಉಳಿದ 37.5 ಕಿಲೋವನ್ನು ನಾವು ಹೊರಬೇಕಾಗಿಯೇ ಇಲ್ಲ, ಗಾಳಿಗೆ ಹೋಯಿತು. ಒಲೆಯಲ್ಲೂ ಇದೇ ಕತೆ. ಕುದಿಯುವ ಒಂದು ಲೀಟರ್ ನೀರನ್ನು ಪೂರ್ತಿ ಆವಿ ಮಾಡಲು ಬೇಕಾದ ಶಾಖ, ಅದೇ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಬೇಕಾದ ಶಾಖದ ಏಳು ಪಟ್ಟಿಗೂ ಹೆಚ್ಚು. ಹಸಿ ಸೌದೆ ಇಟ್ಟರೆ ಬೆಂಕಿ ಮೊದಲು ಸೌದೆಯೊಳಗಿನ ನೀರನ್ನು ಆವಿ ಮಾಡಬೇಕು, ಹಂಡೆಯ ಸರದಿ ಆಮೇಲೆ. ಆಟಿ ತಿಂಗಳಲ್ಲಿ ಊದಿ ಊದಿ ಕಣ್ಣು ಕೆಂಪಾಗುವುದು ಇದಕ್ಕೇ.

ಹಾಗಾಗಿ ನಮ್ಮ ಮನೆಯಲ್ಲಿ ಸೌದೆ ಕೆಲಸ ದೀಪಾವಳಿ ಕಳೆದ ಮೇಲೆ ಸುರು. ಮಕರ ಸಂಕ್ರಾಂತಿಯೊಳಗೆ ತುಂಡು ಮಾಡುವುದು, ಶಿವರಾತ್ರಿಯೊಳಗೆ ಸೀಳುವುದು. ಆಮೇಲೆ ಎರಡು ಮೂರು ತಿಂಗಳ ಬಿಸಿಲು. ಮೇ 24ರ ಹೊತ್ತಿಗೆ, ಬೇಷ ತಿಂಗಳ ಹತ್ತನೆಯ ದಿನ ಪತ್ತನಾಜೆ. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ದಿನ. ಅಷ್ಟರೊಳಗೆ ಸೌದೆ ಕೊಟ್ಟಿಗೆಯಲ್ಲಿರಬೇಕು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಜೂನ್ ನಂತರ ಒಣಗಿಸುತ್ತೇನೆ ಎನ್ನುವುದು ನಡೆಯದ ಮಾತು.

ಕಡಿಯುವ ಮೊದಲು ಕಡಿಯದೆ ಸಿಗುವುದನ್ನು ಎಣಿಸಬೇಕು. ಒಂದು ತೆಂಗಿನ ಮರ ಹೆಚ್ಚುಕಡಿಮೆ ತಿಂಗಳಿಗೊಂದು ಮಡಲು ಬೀಳಿಸುತ್ತದೆ. ಹತ್ತು ಮರಕ್ಕೆ ವರ್ಷಕ್ಕೆ 120 ಮಡಲು. ಜೊತೆಗೆ ಸಿಪ್ಪೆ, ಗೆರಟೆ. ಮಡಲನ್ನು ಬಿದ್ದ ದಿನವೇ ಎಳೆದು ತರುವ ಅಭ್ಯಾಸ ನಮ್ಮಲ್ಲಿಲ್ಲ. ಒಂದು ವಾರ ಬಿಸಿಲಿಗೆ ಬಿಟ್ಟು, ಕತ್ತಿಯಿಂದ ಗರಿ ಬೇರೆ, ದಂಡು ಬೇರೆ ಮಾಡಿದರೆ ಅಮ್ಮನೂ ಸಲೀಸಾಗಿ ಎತ್ತುತ್ತಾರೆ. ನಮ್ಮ ಹಂಡೆಯ ಬಹುಪಾಲು ಬೆಂಕಿ ಇದರದ್ದೇ. ಮರದ ಸೌದೆ ಬೇಕಾಗುವುದು ಮಳೆಗಾಲದ ನಾಲ್ಕು ತಿಂಗಳಿಗೆ ಮಾತ್ರ.

ಮರದ ವಿಷಯಕ್ಕೆ ಬಂದರೆ ಮನೆಯಲ್ಲಿ ಒಂದು ಕಟ್ಟುನಿಟ್ಟು ಉಂಟು. ನಿಂತ ಮರವನ್ನು ನಾವು ಉರುಳಿಸುವುದಿಲ್ಲ. ಪೇಟೆಯ ಹಿತ್ತಿಲಿನಲ್ಲಿ ಒಂದು ಕಡೆ ಕರೆಂಟಿನ ತಂತಿ, ಇನ್ನೊಂದು ಕಡೆ ನೆರೆಮನೆಯ ಮಾಡು. ಮರ ಬೀಳುವ ದಿಕ್ಕಿಗೆ ಮೊದಲು ಬಾಯಿ ತೆಗೆದು, ಹಿಂದಿನಿಂದ ಅದಕ್ಕಿಂತ ತುಸು ಮೇಲೆ ಕೊಯ್ದು, ನಡುವೆ ಮರದ ಅಡ್ಡಳತೆಯ ಹತ್ತನೇ ಒಂದು ಪಾಲು ಕೊಯ್ಯದೆ ಉಳಿಸಬೇಕು. ಬಾಗಿಲಿಗೆ ತಿರುಗಣಿ ಇದ್ದಂತೆ ಅದು. ಅದನ್ನೂ ಕೊಯ್ದರೆ ಮರ ಯಾವ ಕಡೆಗೆ ಬೇಕಾದರೂ ತಿರುಗೀತು. ಓಡುವ ದಾರಿಯನ್ನು ಮೊದಲೇ ಓರೆಯಾಗಿ ಹಿಂದಕ್ಕೆ ಬಿಡಿಸಿಟ್ಟುಕೊಂಡಿರಬೇಕು. ನೋಡುವವರು ಮರದ ಎತ್ತರದ ಎರಡು ಪಾಲು ದೂರ ನಿಲ್ಲಬೇಕು. ಪೇಟೆಯಲ್ಲಿ ಅಷ್ಟು ಜಾಗ ಎಲ್ಲಿದೆ ಮಾರಾಯ್ರೆ? ಅದಕ್ಕೇ ಹತ್ತಿ, ಹಗ್ಗ ಕಟ್ಟಿ, ಕೊಂಬೆ ಕೊಂಬೆಯಾಗಿ ಇಳಿಸುವವರನ್ನು ಕರೆಸುತ್ತೇವೆ. ಅವರು ಇಳಿಸಿಟ್ಟದ್ದರಿಂದ ಮುಂದಿನದು ನಮ್ಮ ಕೆಲಸ. ತಂತಿಗೆ ತಾಗಿದ ಕೊಂಬೆಯಾದರೆ ಯಾರೂ ಮುಟ್ಟುವುದಿಲ್ಲ. ಮೆಸ್ಕಾಂನ 1912ಕ್ಕೆ ಫೋನ್ ಮಾಡಿ ಲೈನ್‌ಮ್ಯಾನ್ ಬರುವವರೆಗೆ ಕಾಯುತ್ತೇವೆ.

ಇನ್ನೊಂದು ಮಾತು, ಮರ ನಮ್ಮ ಹಿತ್ತಿಲಿನದ್ದಾದರೂ ಕಡಿಯಲು ಹಲವು ಜಾತಿಗೆ ಅನುಮತಿ ಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಗರಕ್ಕೂ ಅನ್ವಯ. ತೆಂಗು, ರಬ್ಬರ್, ಗಾಳಿಮರ, ನೀಲಗಿರಿಯಂಥವಕ್ಕೆ ವಿನಾಯಿತಿ ಉಂಟು. ಹಲಸು, ಮಾವು ಎಂದಾದರೆ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ಕೇಳುವುದು ಒಳ್ಳೆಯದು. ರಸ್ತೆ ಬದಿಯಲ್ಲಿ ಬಿದ್ದ ಮರಕ್ಕೂ ವಾರಸುದಾರರಿದ್ದಾರೆ. ಯಾರೂ ನೋಡದಿದ್ದಾಗ ಟೆಂಪೊಕ್ಕೆ ತುಂಬಿಸುವ ವಸ್ತು ಅದಲ್ಲ.

2021ರ ಮೇಯಲ್ಲಿ ತೌಕ್ತೆ ಚಂಡಮಾರುತ ಬಂದಾಗ ನಮ್ಮ ಹಲಸಿನ ಒಂದು ದೊಡ್ಡ ಕೊಂಬೆ ಮುರಿದು, ತುದಿ ನೆಲಕ್ಕೂ ಬುಡ ಮರಕ್ಕೂ ಸಿಕ್ಕಿ ಬಿಲ್ಲಿನಂತೆ ಬಾಗಿ ನಿಂತಿತ್ತು. ಅಜ್ಜ ಬೇಲಿಯಾಚೆಯಿಂದಲೇ ಕೂಗಿ ತಡೆದರು. ಬಾಗಿ ನಿಂತ ಕೊಂಬೆಯಲ್ಲಿ ಎರಡು ಮುಖ. ಒಳಬಾಗಿದ ಕಡೆ ಮರದ ನಾರು ಒತ್ತಿಕೊಂಡಿರುತ್ತದೆ, ಹೊರಬಾಗಿದ ಕಡೆ ಎಳೆದುಕೊಂಡಿರುತ್ತದೆ. ಎಳೆದುಕೊಂಡ ಕಡೆಯಲ್ಲಿ ಮೊದಲು ಆಳಕ್ಕೆ ಕೊಯ್ದರೆ ಕೊಂಬೆ ಸಿಡಿದು ಎದೆಗೋ ಮುಖಕ್ಕೋ ಬಡಿಯುತ್ತದೆ. ಮೊದಲು ಒತ್ತಿಕೊಂಡ ಕಡೆ ತುಸು ಕೊಯ್ದು, ಆಮೇಲೆ ಎಳೆದುಕೊಂಡ ಕಡೆಯಿಂದ ನಿಧಾನಕ್ಕೆ ಬಿಡಿಸಬೇಕು. ಅದೂ ಕೊಂಬೆ ಸಿಡಿಯುವ ದಾರಿಯಿಂದ ಪಕ್ಕಕ್ಕೆ ನಿಂತು. ಆ ದಿನ ಮಳೆ ಸುರಿಯುತ್ತಿತ್ತು, ಕಾಲಡಿ ಜಾರುತ್ತಿತ್ತು. "ಅದು ಎಲ್ಲಿಗೂ ಓಡಿಹೋಗುವುದಿಲ್ಲ, ಬಿಡಿ" ಎಂದರು ಅಜ್ಜ. ಕೊಂಬೆಯ ಸುತ್ತ ಹಗ್ಗ ಕಟ್ಟಿ, ಮಕ್ಕಳು ಆ ಕಡೆ ಹೋಗದಂತೆ ಮಾಡಿ, ಬಿಟ್ಟೆವು. ಅದನ್ನು ತುಂಡು ಮಾಡಿದ್ದು ನವೆಂಬರಿನಲ್ಲಿ.

ತುಂಡು ಮಾಡಲು ಈಗ ಎಲ್ಲರೂ ಮೆಷಿನ್ ಬಾಡಿಗೆಗೆ ತರುತ್ತಾರೆ. ಅರ್ಧ ದಿನದ ಕೆಲಸ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಸುಳ್ಳಲ್ಲ. ಆದರೆ ಲುಂಗಿ ಎತ್ತಿ ಕಟ್ಟಿ, ಹವಾಯಿ ಚಪ್ಪಲಿಯಲ್ಲಿ ಮೆಷಿನ್ ಹಿಡಿಯುವವರನ್ನು ನೋಡಿದರೆ ನಮಗೆ ನಡುಕ. ತಿರುಗುವ ಚೈನಿಗೆ ಬಟ್ಟೆಯ ಅಂಚು ಸಿಕ್ಕಿದರೆ ಮುಂದಿನದು ತೊಡೆ. ಮೆಷಿನಿನ ಉದ್ದ ಅಲಗಿನ ತುದಿಯ ಮೇಲ್ಭಾಗ ಮರಕ್ಕೆ ತಾಗಿದರೆ ಅದು ಒಂದೇ ಕ್ಷಣದಲ್ಲಿ ಹಿಡಿದವರ ಮುಖದತ್ತ ಎಗರುತ್ತದೆ. ಆದ್ದರಿಂದ ಎರಡು ಕೈಯಲ್ಲಿ ಹಿಡಿಯಬೇಕು, ಭುಜಕ್ಕಿಂತ ಮೇಲೆ ಎತ್ತಬಾರದು, ಏಣಿಯ ಮೇಲೆ ನಿಂತು ಉಪಯೋಗಿಸಲೇಬಾರದು. ಪ್ಯಾಂಟು, ಬೂಟು, ಕಣ್ಣಿಗೆ ಕನ್ನಡಕ. ಬಿಸಿ ಮೆಷಿನಿಗೆ ಪೆಟ್ರೋಲ್ ಹೊಯ್ಯಬಾರದು. ಒಬ್ಬರೇ ಇರುವಾಗ ನಾವು ಮೆಷಿನ್ ಸ್ಟಾರ್ಟ್ ಮಾಡುವುದಿಲ್ಲ.

ಸೀಳಲು ಇಂದಿಗೂ ಕೊಡಲಿಯೇ. ಮೊದಲು ಹಿಡಿಯನ್ನು ಅಲ್ಲಾಡಿಸಿ ನೋಡಬೇಕು. ಸಡಿಲವಿದ್ದರೆ ಬೆಣೆ ಬಡಿದು ಬಿಗಿ ಮಾಡಬೇಕು. ತುಂಡನ್ನು ದಪ್ಪ ಕೊರಡಿನ ಮೇಲೆ ನಿಲ್ಲಿಸಿದರೆ ಏಟು ತಪ್ಪಿದರೂ ಕೊಡಲಿ ಕೊರಡಿಗೆ ಕಚ್ಚುತ್ತದೆ, ಕಾಲಿಗೆ ಬರುವುದಿಲ್ಲ. ಒಣಗತೊಡಗಿದ ತುಂಡಿನ ಮುಖದಲ್ಲಿ ತಾನಾಗಿ ಬಿರುಕು ಮೂಡಿರುತ್ತದೆ. ಅದೇ ಗೆರೆಗೆ ಹೊಡೆದರೆ ಅರ್ಧ ಶಕ್ತಿ ಸಾಕು. ಗಂಟಿರುವ ಹಲಸನ್ನು ನಡುವಿನಿಂದ ಸೀಳಲು ಹೋಗದೆ ಅಂಚಿನಿಂದ ಚಕ್ಕೆ ಚಕ್ಕೆಯಾಗಿ ಬಿಡಿಸುತ್ತೇವೆ. ಮೊಂಡು ಕೊಡಲಿ ಹರಿತದ್ದಕ್ಕಿಂತ ಅಪಾಯ, ಯಾಕೆಂದರೆ ಅದು ಕಚ್ಚದೆ ಜಾರುತ್ತದೆ.

ಯಾವ ಮರ ಎಂದು ತಿಳಿಯದಿದ್ದರೆ ಕತ್ತಿ ಹಾಕಬಾರದು. ಚೇರೆ ಮರದ ಸೊನೆ ತಾಗಿದರೆ ಮೈಯೆಲ್ಲ ಉರಿದು ಬೊಕ್ಕೆ ಏಳುತ್ತದೆ. ತಾರೆ ಮರಕ್ಕೆ ಸುತ್ತು ಬಂದರೆ ಗುಣವಾಗುತ್ತದೆಂಬ ನಂಬಿಕೆ ನಮ್ಮ ಕಡೆ ಉಂಟು. ನಾವಂತೂ ಸಾಬೂನು ಹಾಕಿ ತೊಳೆದು ಡಾಕ್ಟರ ಹತ್ತಿರ ಹೋಗಿ ಎನ್ನುತ್ತೇವೆ. ಒಣಗಿದ ಚೇರೆಯನ್ನೂ ಒಲೆಗೆ ಹಾಕುವುದಿಲ್ಲ.

ಹೊರುವ ಕೆಲಸದಲ್ಲಿ ರಕ್ತ ಕಾಣಿಸುವುದಿಲ್ಲ, ಸೊಂಟ ಹೋಗುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಒಬ್ಬ ಗಂಡಾಳು ಹೊರಬಹುದಾದ ಗರಿಷ್ಠ ಭಾರ 55 ಕಿಲೋ ಎಂದು ಶಿಫಾರಸು ಮಾಡಿತು. ಅದು ಮಿತಿ, ಗುರಿಯಲ್ಲ. ನಾವು 20 ಕಿಲೋದ ಕಟ್ಟು ಕಟ್ಟುತ್ತೇವೆ, ಎರಡು ಸಲ ಹೆಚ್ಚು ನಡೆಯುತ್ತೇವೆ. ತಲೆಯ ಮೇಲೆ ಮುಟ್ಟಾಳೆ, ಅದರ ಮೇಲೆ ಕಟ್ಟು. ಎತ್ತುವಾಗ ಮೊಣಕಾಲು ಬಗ್ಗಬೇಕು, ಬೆನ್ನು ಬಗ್ಗಬಾರದು. ಮಂಗಳೂರಿನ ಹಿತ್ತಿಲೆಂದರೆ ಒಂದೋ ಏರು, ಇಲ್ಲವೇ ಇಳಿಜಾರು. ಇಳಿಜಾರಿನಲ್ಲಿ ತುಂಡುಗಳನ್ನು ಉರುಳಿಸಿ ಬಿಡುವುದು ಸುಲಭ ಎನಿಸಬಹುದು, ಆದರೆ ಕೆಳಗೆ ಯಾರು ಬರುತ್ತಾರೆಂದು ಉರುಳುವ ತುಂಡಿಗೆ ಗೊತ್ತಿರುವುದಿಲ್ಲ. ಇಬ್ಬರು ಹೊರುವಾಗ ಒಬ್ಬರು ಹೇಳಿದ ಮೇಲೆಯೇ ಇನ್ನೊಬ್ಬರು ಇಳಿಸಬೇಕು.

ಅಟ್ಟಿಯನ್ನು ಕೆಂಪು ಕಲ್ಲಿನ ಮೇಲೆ ನೆಲದಿಂದ ಎತ್ತರಿಸಿ ಇಡುತ್ತೇವೆ, ಇಲ್ಲವಾದರೆ ಗೆದ್ದಲಿನ ಪಾಲು. ಮೇಲೆ ಶೀಟು ಹಾಕಿ ಬದಿಗಳನ್ನು ಗಾಳಿಗೆ ಬಿಡುತ್ತೇವೆ. ಟಾರ್ಪಾಲಿನಲ್ಲಿ ಪೂರ್ತಿ ಸುತ್ತಿದರೆ ಒಳಗೇ ಬೂಸಲು. ಎರಡು ತುಂಡು ಬಡಿದಾಗ ಠಣ್ ಎಂದರೆ ಒಣಗಿದೆ, ಮಂದವಾಗಿ ಕೇಳಿದರೆ ಇನ್ನೂ ಹಸಿ. ಅಟ್ಟಿಗೆ ಬರಿಗೈ ಹಾಕುವುದಿಲ್ಲ. ಕೋಲಿನಿಂದ ತಟ್ಟಿ, ಟಾರ್ಚ್ ಬಿಟ್ಟು ನೋಡಿ ತೆಗೆಯುತ್ತೇವೆ. ಚೇಳು, ಕೊಳಕುಮಂಡಲಕ್ಕೆ ಸೌದೆ ಕೊಟ್ಟಿಗೆ ಇಷ್ಟದ ಜಾಗ. ಹಾವು ಕಚ್ಚಿದರೆ ಬಿಗಿದು ಕಟ್ಟುವುದು, ಕೊಯ್ಯುವುದು ಬೇಡ. ಕಚ್ಚಿದ ಕಾಲನ್ನೋ ಕೈಯನ್ನೋ ಅಲ್ಲಾಡಿಸದೆ ನೇರ ಆಸ್ಪತ್ರೆಗೆ.

ಒಲೆ ಸರಿಯಿಲ್ಲದಿದ್ದರೆ ಇಷ್ಟೆಲ್ಲ ಮಾಡಿದ್ದರ ಅರ್ಧ ಹೊಗೆಯಲ್ಲೇ ಹೋಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರು 1974ರಲ್ಲಿ ಕಟ್ಟಿದ ಅಸ್ತ್ರ ಕೇಂದ್ರ ಕೊಟ್ಟ ಒಲೆಯ ಹೆಸರು ಹಳೆಯ ತಲೆಮಾರಿಗೆ ನೆನಪಿರಬಹುದು. ಬೆಂಕಿಯನ್ನು ಮುಚ್ಚಿದ ಗೂಡಿನಲ್ಲಿಟ್ಟು, ಕೆಳಗಿನಿಂದ ಜಾಲರಿಯ ಮೂಲಕ ಗಾಳಿ ಕೊಟ್ಟು, ಹೊಗೆಯನ್ನು ಕೊಳವೆಯಲ್ಲಿ ಹೊರಗೆ ಕಳಿಸುವುದು ಅದರ ಮರ್ಮ. ನಮ್ಮ ಬಚ್ಚಲ ಒಲೆಗೂ ಜಾಲರಿ, ಕೊಳವೆ ಹಾಕಿಸಿದ ಮೇಲೆ ಸೌದೆ ಕಡಿಮೆ ಸಾಕಾಗುತ್ತಿದೆ, ಅಮ್ಮನ ಕೆಮ್ಮೂ ಕಡಿಮೆ. ಕಡಿಮೆ ಸೌದೆ ಎಂದರೆ ಅಷ್ಟು ಕಡಿಮೆ ಕೊಡಲಿ ಏಟು, ಅಷ್ಟು ಕಡಿಮೆ ಹೊರೆ.

ಪತ್ತನಾಜೆಯ ದಿನ ಕೊಟ್ಟಿಗೆಯಲ್ಲಿ ಎಷ್ಟು ಉಂಟೋ ಅಷ್ಟಕ್ಕೆ ನಿಲ್ಲಿಸುತ್ತೇವೆ. ಇನ್ನೂ ನಾಲ್ಕು ಕೊಂಬೆ ಉಳಿದಿದ್ದರೆ ಉಳಿಯಲಿ, ಮಳೆಯಲ್ಲಿ ನೆನೆಯಲಿ. ಮುಂದಿನ ದೀಪಾವಳಿಗೂ ಅವು ಅಲ್ಲೇ ಇರುತ್ತವೆ. ಆಗಸ್ಟಿನಲ್ಲಿ ಸೌದೆ ಮುಗಿದರೆ ಹದಿನೈದು ದಿನ ಗ್ಯಾಸಿನಲ್ಲಿ ನೀರು ಕಾಯಿಸಿದರಾಯಿತು, ಒಂದು ಸಿಲಿಂಡರ್ ಬೇಗ ಖಾಲಿಯಾದೀತು. ಮೀಯುವ ನೀರಿಗಾಗಿ ಕೊಡಬಹುದಾದ ಬೆಲೆ ಅಷ್ಟೇ. ಮೋಡ ಕಟ್ಟಿದ ಸಂಜೆ ನಿಮ್ಮ ಮನೆಯಲ್ಲಿ ಯಾರಾದರೂ ಕೊಡಲಿ ಎತ್ತಿಕೊಂಡು "ಇದೊಂದು ಮುಗಿಸಿ ಬರ್ತೇನೆ" ಎಂದರೆ, ದಯವಿಟ್ಟು ಕರೆದು ಒಳಗೆ ಕೂರಿಸಿ.