ಬೆಂಕಿಗೆ ಜಗ್ಗದ ನವಿಲು ನನ್ನ ಕೈಯಲ್ಲಿ ಮುರೀತು!

1986ರಲ್ಲಿ ನಮ್ಮೂರ ಹಳೇ ಟಾಕೀಸಿಗೆ ಬೆಂಕಿ ಬಿತ್ತು. ಪರದೆ ಹೋಯ್ತು, ಕುರ್ಚಿಗಳು ಬೂದಿಯಾದವು. ಅಣ್ಣಾವ್ರು ತೆರೆಗೆ ಬಂದಾಗ ನಾವು ಶಿಳ್ಳೆ ಹೊಡೆಯುತ್ತ ಜೋತುಬೀಳುತ್ತಿದ್ದ ಬಾಲ್ಕನಿಯ ಕಟಕಟೆ ಮಾತ್ರ ಉಳಿಯಿತು. ಅಜ್ಜನ ಕಾಲದ ಬೀಡು ಕಬ್ಬಿಣ. ಹೂಬಳ್ಳಿ, ನಡುವೆ ನವಿಲು... ಮಸಿ ಮೆತ್ತಿಕೊಂಡು ನಿಂತಿತ್ತು ಪಾಪ!

ಆಗ ನನಗೆ ಹತ್ತೊಂಬತ್ತು. ಫೌಂಡ್ರಿಯಲ್ಲಿ ಕೆಲಸ ಕಲಿಯುತ್ತಿದ್ದೆ. ಕಟಕಟೆಯ ರಿಪೇರಿ ನಮ್ಮ ಮೇಸ್ತ್ರಿಗೆ ಬಂತು. ಅವರು ಪುಟ್ಟ ಸುತ್ತಿಗೆಯಿಂದ ಒಂದೊಂದನ್ನೇ ತಟ್ಟಿದರು. ಖಣ್ ಎಂದರೆ ಗಟ್ಟಿ, ಸದ್ದು ಬೊಕ್ಕಾದರೆ ಒಳಗೆ ಸೀಳು. ಒಂದು ನವಿಲಿನ ಕತ್ತು ಸೀಳಿತ್ತು.

ಮೇಸ್ತ್ರಿ ಊರಲ್ಲಿಲ್ಲದ ದಿನ ನಾನು ಹೀರೋ ಆಗಲು ಹೊರಟೆ! ವೆಲ್ಡಿಂಗ್ ಮಾಡಿದೆ. ಬೇಗ ಆರಲಿ ಅಂತ ಬಕೆಟ್ ನೀರು ಸುರಿದೆ. ಟಪ್! ಕತ್ತಿನ ಜೊತೆ ಎದೆಯೂ ಒಡೆಯಿತು.

ಕಪಾಳಕ್ಕೆ ಬೀಳುತ್ತೆ ಅಂದುಕೊಂಡಿದ್ದೆ. ಬೀಳಲಿಲ್ಲ. "ಉಕ್ಕು ಬಗ್ಗುತ್ತೆ ಕಣೋ, ಬೀಡು ಒಡೆಯುತ್ತೆ. ಕಾಯಿಸೋದೂ ನಿಧಾನ, ಆರಿಸೋದೂ ನಿಧಾನ" ಅಂದರು. ಭಾನುವಾರ ಬಸ್ ಹತ್ತಿಸಿ ಮೈಸೂರು ಅರಮನೆಗೆ ಕರೆದೊಯ್ದರು. 1897ರಲ್ಲಿ ಹಳೇ ಮರದ ಅರಮನೆ ಸುಟ್ಟಿತು. 1912ಕ್ಕೆ ಮುಗಿದ ಹೊಸ ಅರಮನೆಯ ಕಲ್ಯಾಣ ಮಂಟಪಕ್ಕೆ ಬೀಡಿನ ಕಂಬಗಳು ದೂರದ ಗ್ಲಾಸ್ಗೋದಿಂದ ಬಂದವು. "ಆತುರಗಾರ ಎರೆದಿದ್ದರೆ ಇವು ನಿಲ್ತಿದ್ವಾ?" ಅಂದರು. ನಾನು ತಲೆ ತಗ್ಗಿಸಿದೆ.

ಇನ್ನೊಂದು ನವಿಲನ್ನೇ ಮರಳಿಗೆ ಒತ್ತಿ ಅಚ್ಚು ತೆಗೆಯೋಣ ಅಂದೆ. ಮೇಸ್ತ್ರಿ ನಕ್ಕರು. ಕರಗಿದ ಬೀಡು ಆರುವಾಗ ಕುಗ್ಗುತ್ತದೆ. ಮೀಟರಿಗೆ ಸುಮಾರು 1 ಸೆಂಟಿಮೀಟರ್! ಹಳೆಯದನ್ನೇ ಒತ್ತಿದರೆ ಹೊಸದು ಗಿಡ್ಡ, ಬೋಲ್ಟಿನ ತೂತೂ ಕೂಡಲ್ಲ. ಅದಕ್ಕೇ ತೇಗದಲ್ಲಿ ತುಸು ದೊಡ್ಡ ನವಿಲು ಕೆತ್ತಬೇಕು. "ಒಡೆದವನೇ ಕೆತ್ತು" ಅಂದರು. ಹನ್ನೊಂದು ದಿನ ಕೆತ್ತಿದೆ. ಎರಕ ಹೊಯ್ದ ರಾತ್ರಿ ಅಚ್ಚಿನ ಪಕ್ಕದಲ್ಲೇ ಕಾದು ಕೂತೆ, ಮುಟ್ಟಲಿಲ್ಲ. ಮರುದಿನ ಮರಳು ಬಿಡಿಸಿದಾಗ ನವಿಲು ಇಡಿಯಾಗಿ ಎದ್ದು ಬಂತು. ಕಟಕಟೆಯ ಮಸಿಯನ್ನೆಲ್ಲ ತಂತಿ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್ ಬಳಿದು, ಅದನ್ನು ಕೂರಿಸಿದೆವು. ತೂತಿಗೆ ತೂತು ಕೂಡಿತು!

ಟಾಕೀಸು ಮತ್ತೆ ತೆರೆದ ದಿನ ಜನವೆಲ್ಲ ಪರದೆ ನೋಡಿದರು, ನಾನೊಬ್ಬ ನವಿಲು ನೋಡಿದೆ. ಕತ್ತು ಕೊಂಚ ದಪ್ಪ, ನಿಜ.

ಮಿತ್ರರೇ, ಆ ಟಾಕೀಸು ಈಗ ಮದುವೆ ಛತ್ರ. ಮೇಸ್ತ್ರಿ ತೀರಿಕೊಂಡರು. ಊಟದ ಕರೆ ಬಂದಾಗ ಮಾತ್ರ ನಾನು ಮೊದಲು ಮಹಡಿ ಹತ್ತಿ, ಬೆರಳಿಂದ ನವಿಲನ್ನು ತಟ್ಟುತ್ತೇನೆ.

ಖಣ್ ಅನ್ನುತ್ತೆ.