ಅಕ್ಕನ ದನಿ, ಮಗಳ ಜಾಲತಾಣ

ತಳಕಿನ ನಮ್ಮ ಬಂಧುಬಳಗದಲ್ಲಿ ಮದುವೆ ನಿಶ್ಚಯವಾಯಿತೆಂದರೆ ಮೊದಲು ಹೇಳಿಕಳುಹಿಸುತ್ತಿದ್ದುದು ನನ್ನ ಅಕ್ಕನಿಗೆ. ಅರಿಸಿನ ಹಚ್ಚುವಾಗ ಒಂದು ಪದ, ಹಸೆಗೆ ಕರೆಯುವಾಗ ಇನ್ನೊಂದು, ಹೆಣ್ಣೊಪ್ಪಿಸುವಾಗ ಮತ್ತೊಂದು. ಅಕ್ಕನಿಗೆ ಈಗ 82 ವರ್ಷ. ದನಿ ಒಡೆದಿದೆ, ಕರೆಯುವವರೂ ಕಡಿಮೆಯಾಗಿದ್ದಾರೆ.

ಬೆಂಗಳೂರಿನಲ್ಲಿ ಜಾಲತಾಣಗಳನ್ನು ರೂಪಿಸುವ ಕೆಲಸದಲ್ಲಿರುವ ನನ್ನ ಮಗಳು ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಾಡುಗಳನ್ನು ಕಲಿಸುವ ತಾಣವೊಂದನ್ನು ಕಟ್ಟಲು ಹೊರಟಳು. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯವರ ಜಾತ್ರೆಗೆ ಬಂದಾಗ ಅದರ ಮೊದಲ ಮಾದರಿಯನ್ನು ಮೊಬೈಲಿನಲ್ಲಿ ಅಕ್ಕನಿಗೆ ತೋರಿಸಿದಳು. ಅಂದವಾದ ಅಕ್ಷರ, ಚಿತ್ರ, ಪೀಠಿಕೆ ಎಲ್ಲವೂ ಇದ್ದವು. ಓದು ಬಾರದ ಅಕ್ಕ ಅದನ್ನು ಹಿಂದುಮುಂದಾಗಿ ನೋಡಿ, "ಇದ್ರಾಗೆ ಹಾಡು ಎಲ್ಲೈತವ್ವ?" ಎಂದು ಕೇಳಿದಳು.

ಮಗಳ ಮುಖ ಸಣ್ಣದಾಯಿತು. ನನಗೆ ಇದೇ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ನೆನಪಾಯಿತು. ಅಕ್ಷರ ಕಲಿಯದ ಆ ತಾಯಿಯ ನೆನಪಿನಲ್ಲಿದ್ದ ಹಾಡುಗಳನ್ನು ಕೃಷ್ಣಮೂರ್ತಿ ಹನೂರರು ಸಂಗ್ರಹಿಸಿ ಪುಸ್ತಕವಾಗಿಸಿದರು. ಅದು ದೊಡ್ಡ ಉಪಕಾರವೇ. ಆದರೆ ಪುಸ್ತಕದಲ್ಲಿ ಮಾತು ಉಳಿಯುತ್ತದೆ, ಧಾಟಿ ಉಳಿಯುವುದಿಲ್ಲ.

ಸೋಬಾನೆಯನ್ನು ಯಾರೂ ಓದಿ ಕಲಿತವರಲ್ಲ. ಒಬ್ಬಾಕೆ ಒಂದು ಸಾಲು ಹೇಳುತ್ತಾಳೆ, ಉಳಿದವರು ಅದನ್ನೇ ಎತ್ತಿ ಹಾಡುತ್ತಾರೆ; ಹಿಂದೆ ಕುಳಿತ ಹುಡುಗಿ ದನಿಗೂಡಿಸುತ್ತ ಕಲಿಯುತ್ತಾಳೆ. ಮಗಳು ತಾಣವನ್ನು ಅದೇ ಕ್ರಮಕ್ಕೆ ತಿರುಗಿಸಿದಳು. ಈಗ ಪುಟ ತೆರೆದೊಡನೆ ದೊಡ್ಡದೊಂದು ಗುಂಡಿ. ಒತ್ತಿದರೆ ಅಕ್ಕನ ಒಂದು ಸಾಲು, ಬಳಿಕ ಅಷ್ಟೇ ಹೊತ್ತಿನ ಮೌನ. ಆ ಮೌನ ಕಲಿಯುವವರು ಹಾಡಲೆಂದು. ಅಕ್ಷರಗಳು ಕೆಳಗೆ ಇವೆ. ನಮ್ಮ ಸೀಮೆಯ ಮಾತುಗಳನ್ನು ಮುಟ್ಟಿದರೆ ಅರ್ಥ ಮೂಡುತ್ತದೆ. ಸಿಗ್ನಲ್ ಎಟುಕದ ಹಳ್ಳಿಗಳಿಗಾಗಿ ಹಾಡುಗಳನ್ನು ಸಣ್ಣ ತುಣುಕುಗಳನ್ನಾಗಿ ಮಾಡಿದ್ದಾಳೆ.

ಹೆಣ್ಣೊಪ್ಪಿಸುವ ಪದವನ್ನು ಮಾತ್ರ ಅಕ್ಕ ಬರಿಯ ಕೋಣೆಯಲ್ಲಿ ಹಾಡಲು ಒಪ್ಪಲಿಲ್ಲ. "ಕೂಸೇ ಇಲ್ದೆ ಯಾರನ್ನ ಒಪ್ಪಿಸ್ಲಿ?" ಎಂದಳು. ಮೂರು ತಿಂಗಳು ಕಾದು, ಬಂಧುಗಳ ಮದುವೆಯೊಂದರಲ್ಲಿ ಧ್ವನಿಮುದ್ರಣ ಮಾಡಿದೆವು. ಎರಡನೆಯ ನುಡಿಗೇ ಅಕ್ಕನ ಗಂಟಲು ಕಟ್ಟಿತು. ಪಕ್ಕದ ಹೆಂಗಸರು ಹಾಡನ್ನು ಮುಂದಕ್ಕೆ ಒಯ್ದರು. ಹಿಂದೆ ಧ್ವನಿವರ್ಧಕದ ಸಿನಿಮಾ ಹಾಡು ಬೇರೆ! ಮಗಳು ಆ ಭಾಗವನ್ನು ಕತ್ತರಿಸುವೆನೆಂದಳು. ನಾನು ಬೇಡವೆಂದೆ, ಅದು ಹಾಗೆಯೇ ಇದೆ.

ಒಂದು ಪುಟ ಇನ್ನೂ ಬರಿದಾಗಿದೆ. ಗಣೆಯೆಂಬ ಉದ್ದನೆಯ ಬಿದಿರಿನ ಕೊಳಲಿನೊಡನೆ ಕಾಡುಗೊಲ್ಲರು ಹಾಡುವ ಜುಂಜಪ್ಪನ ಕಾವ್ಯಕ್ಕೆಂದು ಮೀಸಲಿಟ್ಟ ಪುಟವದು. ಹಳೆಯ ಧ್ವನಿಮುದ್ರಣವೊಂದನ್ನು ಎಲ್ಲಿಂದಲೋ ತಂದು ಹಾಕಬಹುದೆಂದು ಮಗಳ ಗೆಳೆಯರು ಸೂಚಿಸಿದ್ದರು. ಅದು ಅವರ ದೇವರ ಹಾಡು. ನಮ್ಮ ಮನೆಯ ಹಾಡಿಗೆ ಅಕ್ಕನ ಅಪ್ಪಣೆ ಬೇಕಾಯಿತಲ್ಲ, ಹಾಗಿರುವಾಗ ಅವರ ಹಿರಿಯರನ್ನು ಕೇಳದೆ ತೆಗೆದುಕೊಳ್ಳಲು ನಾವಾರು? ಬರುವ ಸೋಮವಾರ ಹಟ್ಟಿಗೆ ಹೋಗುವವರಿದ್ದೇವೆ. ಅಕ್ಕನೂ ಬರುತ್ತೇನೆಂದಿದ್ದಾಳೆ.